ಮಗ್ಗದ ಓಣಿಯಲ್ಲಿ ಮಾತು ಹಿಡಿಯುವ ಬಗೆ: ಊರ ಬಾನುಲಿಗೆ ಅರ್ಧ ತಾಸಿನ ಕಾರ್ಯಕ್ರಮ

ಊರವರೇ ನಡೆಸುವ ಸಮುದಾಯ ಬಾನುಲಿಯಲ್ಲಿ (ಕಮ್ಯುನಿಟಿ ರೇಡಿಯೊ) ಪ್ರಸಾರ ಮಾಡುವ ಟ್ರಾನ್ಸ್‌ಮಿಟರಿಗೆ ಸಿಗುವ ಕಾಳಜಿ ಮೈಕಿಗೆ ಸಿಗುವುದಿಲ್ಲ. ರಬಕವಿ-ಬನಹಟ್ಟಿಯಂಥ ಊರಲ್ಲಿ ನೇಕಾರರ ಮಾತು ಬೇಕೆಂದರೆ ಪವರ್‌ಲೂಮ್ ಸಪ್ಪಳದ ಪಕ್ಕದಲ್ಲೇ ಕೂರಬೇಕು. ಕಸರತ್ತೆಲ್ಲ ಅಲ್ಲೇ ಇದೆ.

ಮಗ್ಗದ ಕೋಣೆಯಿಂದ ದೂರದ ಒಳಮನೆ ಹುಡುಕಿ. ಫ್ಯಾನ್, ಫ್ರಿಜ್ ಬಂದ್ ಮಾಡಿಸಿ. ಕಂಡೆನ್ಸರ್ ಮೈಕ್ ಬೇಡ, ಅದು ಓಣಿಯನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ದನಿ ಹಿಡಿದು ಹಿಂದಿನದನ್ನು ಬಿಡುವ ಕಾರ್ಡಿಯಾಯ್ಡ್ ಡೈನಾಮಿಕ್ ಮೈಕ್ ಒಳ್ಳೆಯದು. ಮೈಕಿನ ಬೆನ್ನು ಮಗ್ಗದ ಕಡೆಗಿರಲಿ. ಅಂದರೆ ಮಾತಾಡುವವರು ಮಗ್ಗದತ್ತ ಮುಖ ಮಾಡಿ ಕೂರಬೇಕು. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಮಾತಾಡುವವರ ಬೆನ್ನ ಹಿಂದಿನ ಗೋಡೆಗೆ ಎರಡು ದಪ್ಪ ಕೌದಿ ಇಳಿಬಿಡಿ, ಫರಸಿ ನೆಲಕ್ಕೊಂದು ಹಾಸಿ. ಕೌದಿ ಕೋಣೆಯ ಗುಂಯ್‌ಗುಡುವಿಕೆ ತಗ್ಗಿಸುತ್ತದೆ. ಹೊರಗಿನ ಸಪ್ಪಳವನ್ನು ಮಾತ್ರ ತಡೆಯುವುದಿಲ್ಲ.

ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ತುಸು ಓರೆ. ನೇರ ಹಿಡಿದರೆ 'ಪ', 'ಭ' ಬಂದಾಗೆಲ್ಲ ಉಸಿರು ಬಡಿಯುತ್ತದೆ. ಮೈಕನ್ನು ಅತಿಥಿಯ ಕೈಗೆ ಕೊಡಬೇಡಿ. ಕೇಬಲ್ಲನ್ನು ನಿಮ್ಮ ಕೈಗೆ ಒಂದು ಸುತ್ತು ಹಾಕಿಕೊಂಡರೆ ಎಳೆದಾಟದ ಕರಕರ ಕೇಳದು.

ರೆಕಾರ್ಡರಿನಲ್ಲಿ ಸ್ಯಾಂಪಲ್ ರೇಟ್ 44.1 ಕಿಲೋಹರ್ಟ್ಸ್, ಫೈಲ್ ವೇವ್ (WAV) ಬಗೆಯದಿರಲಿ. ಆಟೋ ಲೆವೆಲ್ ಆಫ್ ಮಾಡಿ. ಇಲ್ಲದಿದ್ದರೆ ಅತಿಥಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಯಂತ್ರ ತಾನೇ ಮಗ್ಗದ ಸದ್ದು ಏರಿಸಿಬಿಡುತ್ತದೆ. ರೆಕಾರ್ಡರಿನ ಮೀಟರಿನಲ್ಲಿ ಮಾತಿನ ಏರು ಮೈನಸ್ 12 ಡೆಸಿಬೆಲ್ ಆಸುಪಾಸು ಇರಲಿ, ಜೋರು ನಗುವೂ ಮೈನಸ್ 6 ದಾಟದಿರಲಿ. ಸೊನ್ನೆ ಮುಟ್ಟಿ ಒಡೆದ ದನಿಗೆ ಮದ್ದಿಲ್ಲ. ಹೆಡ್‌ಫೋನ್ ಹಾಕದೆ ರೆಕಾರ್ಡ್ ಮಾಡುವುದು ವ್ಯರ್ಥ ಸಾಹಸ. ಏಳುವ ಮೊದಲು ಎಲ್ಲರೂ ಸುಮ್ಮನಿದ್ದು ಅರ್ಧ ನಿಮಿಷ ಕೋಣೆಯ ಸದ್ದು ಹಿಡಿಯಿರಿ, ಮಾತು ಕತ್ತರಿಸಿದಲ್ಲಿ ತೇಪೆಗೆ ಬೇಕು. ಮಗ್ಗದ ಸದ್ದನ್ನು ಬೇರೆಯಾಗಿ ಒಂದು ನಿಮಿಷ ಹಿಡಿದರೆ ಕಾರ್ಯಕ್ರಮದ ಆರಂಭಕ್ಕಾಯಿತು.

ಎಡಿಟಿಂಗಿಗೆ ಪುಕ್ಕಟೆ ಸಿಗುವ ಅಡಾಸಿಟಿ ಸಾಫ್ಟ್‌ವೇರ್ ಸಾಕು. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿದರೆ ನೆಲದ ಗುಡುಗುಡು ಹೋಗುತ್ತದೆ. ಅದರಲ್ಲೇ ಇರುವ, ಹಿನ್ನೆಲೆ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಿದರೆ ಮಾತು ನೀರೊಳಗಿಂದ ಬಂದಂತಾಗುತ್ತದೆ. ಅದಕ್ಕಿಂತ ತುಸು ಮಗ್ಗ ಕೇಳಿಸಿದರೇ ವಾಸಿ. ಅರ್ಧ ತಾಸಿಗೆ ಹದಿನೈದು ನಿಮಿಷ ಮಾತು ಸಾಕು. ಉಳಿದದ್ದು ಬೀಸುವ ಪದ, ಗೀಗೀ ಪದ, ಸೂಚನೆಗಳು. ಸಿನಿಮಾ ಹಾಡಿಗೆ ಲೈಸೆನ್ಸ್ ಬೇಕು. ಊರಿನ ಹಾಡುಗಾರರ ಒಪ್ಪಿಗೆಯನ್ನೂ ಬರೆಸಿಕೊಳ್ಳಿ.

ನಿಯಮದಂತೆ ಸಮುದಾಯ ಬಾನುಲಿ ತಾನೇ ಕಲೆಹಾಕಿದ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದಂತೆಯೇ ಮರುಪ್ರಸಾರ ಮಾಡಬಹುದು. ಹವಾಮಾನ, ನೀರು-ವಿದ್ಯುತ್ ಪೂರೈಕೆ, ಪರೀಕ್ಷಾ ಫಲಿತಾಂಶ ಹೇಳಲು ಅಡ್ಡಿಯಿಲ್ಲ. ಪ್ರಸಾರವಾದದ್ದನ್ನು ಮೂರು ತಿಂಗಳು ಕಾಪಿಡಬೇಕು, ಹಾಗಾಗಿ ಫೈಲಿನ ಹೆಸರಲ್ಲೇ ತಾರೀಖಿರಲಿ.

ಪ್ರಸಾರದ ಪಾಳಿಗೆ ಬರುವ ಹೊಸಬರಿಗೆ ಒಂದೇ ಮಾತು: ಆಂಟೆನಾ ಕೇಬಲ್ ಬಿಗಿಯಾಗಿದೆಯೇ ನೋಡದೆ ಟ್ರಾನ್ಸ್‌ಮಿಟರ್ ಹಚ್ಚಬೇಡಿ. ಹೊರಹೋಗದ ಶಕ್ತಿ ಮರಳಿ ಬಂದು ಅದನ್ನೇ ಸುಡುತ್ತದೆ. ಹೀಗೆ ಮರಳುವ ಶಕ್ತಿಯನ್ನು ತೋರಿಸುವ ರಿಫ್ಲೆಕ್ಟೆಡ್ ಪವರ್ ಮೀಟರ್ ಏರತೊಡಗಿದರೆ ಕಾರ್ಯಕ್ರಮದ ನಡುವೆಯೇ ಆಗಲಿ, ಬಂದ್ ಮಾಡಿ.