ನೆರೆದೇಶದ ಜೊತೆ ಕರೆಂಟ್ ಹಂಚಿಕೊಳ್ಳುವುದು ಹೇಗೆ?

ಗಡಿ ದಾಟಿಸಿ ವಿದ್ಯುತ್ ಲೈನ್ ಎಳೆಯುವ ವಿದ್ಯೆ ಹೊಸದೇನಲ್ಲ. ಟವರ್ ನಿಲ್ಲಿಸುವುದಕ್ಕಿಂತ ಜಾಸ್ತಿ ವರ್ಷ ನುಂಗುವುದು ಮಾತುಕತೆ. ಮಧ್ಯ ಅಮೆರಿಕದ ಆರು ದೇಶಗಳು ಒಟ್ಟಿಗೆ ಗ್ರಿಡ್ (ವಿದ್ಯುತ್ ಜಾಲ) ಕಟ್ಟೋಣ ಎಂದು 1996ರಲ್ಲಿ ಸಹಿ ಹಾಕಿದವು. ಗ್ವಾಟೆಮಾಲಾದಿಂದ ಪನಾಮಾವರೆಗಿನ ಸುಮಾರು 1,800 ಕಿ.ಮೀ. ಲೈನ್ ಪೂರ್ತಿಯಾಗುವಾಗ 2014 ಬಂದಿತ್ತು. ಹಾಗಾಗಿ ಬಡ ದೇಶವೊಂದು ಈ ಕೆಲಸಕ್ಕೆ ಕೈ ಹಾಕುವುದಾದರೆ ಮೊದಲು ಕಾಗದ, ಆಮೇಲೆ ತಂತಿ.

ಜೋಡಿ ಸರಿಯಿದೆಯಾ ನೋಡಿ

ನಮ್ಮಲ್ಲಿ ಹೆಚ್ಚಾದಾಗ ಅವರಿಗೆ ಬೇಕಾಗಿರಬೇಕು, ನಮಗೆ ಕಡಿಮೆಯಾದಾಗ ಅವರಲ್ಲಿ ಉಳಿದಿರಬೇಕು. ನೇಪಾಳದ ನದಿಗಳು ಮಳೆಗಾಲದಲ್ಲಿ ತುಂಬಿ ಹರಿಯುತ್ತವೆ, ಕರೆಂಟ್ ಮಿಗುತ್ತದೆ. ಚಳಿಗಾಲದಲ್ಲಿ ನೀರು ಇಳಿಯುತ್ತದೆ, ಆಗ ನೇಪಾಳ ಭಾರತದಿಂದ ಕೊಳ್ಳುತ್ತದೆ. ಇದು ಒಳ್ಳೆ ಜೋಡಿ. ಆದರೆ ಆಫ್ರಿಕಾದ ಜಾಂಬಿಯಾ ಮತ್ತು ಜಿಂಬಾಬ್ವೆ ಎರಡೂ ಕರೀಬಾ ಎಂಬ ಒಂದೇ ಜಲಾಶಯವನ್ನು ನೆಚ್ಚಿಕೊಂಡಿವೆ. 2024ರ ಬರಕ್ಕೆ ಅದು ಬತ್ತಿದಾಗ ಎರಡೂ ಕಡೆ ಗಂಟೆಗಟ್ಟಲೆ ಕತ್ತಲೆ. ಅಂಥ ಹೊತ್ತಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಏನು ತಾನೇ ಕೊಟ್ಟಾರು? ಮಳೆಯನ್ನು ನೆಚ್ಚದ ಮೂರನೆಯವರೂ ಗುಂಪಿನಲ್ಲಿ ಇರಬೇಕು.

ಒಪ್ಪಂದ ಬರೆಯುವುದು

ಇಲ್ಲಿ ಆತುರ ಬೇಡ. ನೇಪಾಳ ಮತ್ತು ಬಾಂಗ್ಲಾದೇಶದ ಉದಾಹರಣೆಯನ್ನೇ ಬಿಡಿಸಿ ನೋಡೋಣ. ಇಬ್ಬರ ನಡುವೆ ಭಾರತದ ಒಂದು ಕಿರಿದಾದ ಪಟ್ಟಿ ಇದೆ. ಅದಕ್ಕೇ 2024ರ ಅಕ್ಟೋಬರ್ 3ರಂದು ಕಾಠ್ಮಂಡುವಿನಲ್ಲಿ ಸಹಿ ಹಾಕಿದವರು ಮೂವರು. ಮಾರುವವರು, ಕೊಳ್ಳುವವರು, ನಡುವೆ ಸಾಗಿಸುವ ಭಾರತದ ಕಂಪನಿ.

ಕೊಡುವುದು ಬರೀ 40 ಮೆಗಾವಾಟ್. ಅದೂ ಜೂನ್ 15ರಿಂದ ನವೆಂಬರ್ 15ರವರೆಗೆ ಮಾತ್ರ. ಬೆಲೆ ಯೂನಿಟ್‌ಗೆ 6.4 ಅಮೆರಿಕನ್ ಸೆಂಟ್. ಮೀಟರ್ ಇರುವುದು ಬಿಹಾರದ ಮುಜಫ್ಫರ್‌ಪುರದಲ್ಲಿ. ನೇಪಾಳದ ಢಲ್ಕೇಬರ್‌ನಿಂದ ಅಲ್ಲಿಯವರೆಗೆ ದಾರಿಯಲ್ಲಿ ಸೋರಿದ್ದು ನೇಪಾಳದ ಖಾತೆಗೆ. ಅಲ್ಲಿಂದ ಕರೆಂಟ್ ಭಾರತದ ಗ್ರಿಡ್‌ನಲ್ಲಿ ಹಾದು, ಪಶ್ಚಿಮ ಬಂಗಾಳದ ಬಹರಾಂಪುರದ ಮೂಲಕ ಬಾಂಗ್ಲಾದೇಶದ ಭೇರಾಮಾರಾ ಸೇರುತ್ತದೆ. ಮೊದಲ ವರ್ಷ ಹರಿದಿದ್ದು ನವೆಂಬರ್ 15ರ ಒಂದೇ ದಿನ, ಏಕೆಂದರೆ ಅಂದೇ ಹಂಗಾಮು ಮುಗಿಯಿತು!

ನಗಬಹುದು. ಆದರೆ ಯಾವ ಅಧಿಕಾರಿಯೂ ಇನ್ನು ಮೀಟರ್ ಎಲ್ಲಿರಬೇಕು, ಸೋರಿಕೆ ಯಾರ ತಲೆಗೆ, ನಡುವಿನವರ ಬಾಡಿಗೆ ಎಷ್ಟು ಎಂದು ಕಚ್ಚಾಡಬೇಕಾಗಿಲ್ಲ. 40 ಇದ್ದದ್ದು ನಾಳೆ 400 ಆದರೂ ಬರೆಯಬೇಕಾದ ಸಾಲುಗಳು ಇವೇ. ಒಂದು ಎಚ್ಚರಿಕೆ: ಬೆಲೆ ಡಾಲರ್‌ನಲ್ಲಿದ್ದು ಜನ ಬಿಲ್ ಕಟ್ಟುವುದು ಸ್ವಂತ ದೇಶದ ನೋಟಿನಲ್ಲಾದರೆ, ಡಾಲರ್ ಏರಿದಾಗ ಕೊಳ್ಳುವ ಕಂಪನಿ ಬಾಕಿ ಉಳಿಸಿಕೊಳ್ಳುತ್ತದೆ. ಆಗ ಏನು ಮಾಡುವುದು ಎಂಬುದನ್ನೂ ಮೊದಲೇ ಬರೆದಿಡಬೇಕು.

ಎಸಿಯೋ ಡಿಸಿಯೋ

ಎಸಿ ಎಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್, ಡಿಸಿ ಒಂದೇ ದಿಕ್ಕಿನದು. ಎಸಿ ಲೈನಿನಲ್ಲಿ ಬೆಸೆದ ಎರಡು ಗ್ರಿಡ್‌ಗಳು ಒಂದೇ ನೊಗದ ಎತ್ತುಗಳಿದ್ದ ಹಾಗೆ. ಒಂದು ಮುಗ್ಗರಿಸಿದರೆ ಇನ್ನೊಂದೂ ತತ್ತರಿಸುತ್ತದೆ. ಇಬ್ಬರೂ ತಮ್ಮ ಫ್ರೀಕ್ವೆನ್ಸಿಯನ್ನು (ಸೆಕೆಂಡಿಗೆ ಕರೆಂಟ್ ಎಷ್ಟು ಸಲ ಹಿಂದೆಮುಂದೆ ಆಡುತ್ತದೆ ಎಂಬ ಲೆಕ್ಕ) 50 ಹರ್ಟ್ಸ್‌ನ ಆಸುಪಾಸು ಬಿಗಿಯಾಗಿ ಹಿಡಿದುಕೊಂಡಿದ್ದರೆ ಎಸಿ ಅಗ್ಗ. ಆ ನಂಬಿಕೆ ಇಲ್ಲದಿದ್ದರೆ ನಡುವೆ ಡಿಸಿ ಹಾಕಬೇಕು, ಆಗ ಎಷ್ಟು ಕರೆಂಟ್ ದಾಟಬೇಕು ಎಂಬುದು ನಮ್ಮ ಕೈಯಲ್ಲಿರುತ್ತದೆ. ಭೇರಾಮಾರಾದಲ್ಲಿ 2013ರಿಂದ ಇರುವುದು ಇದೇ ವ್ಯವಸ್ಥೆ. ಇಥಿಯೋಪಿಯಾ ಮತ್ತು ಕೆನ್ಯಾ ನಡುವಿನ ಸಾವಿರ ಕಿ.ಮೀ. ಮೀರಿದ ಲೈನೂ ಡಿಸಿಯದೇ.

ಲೆಕ್ಕ ಇಡುವವರು

ಇಬ್ಬರಿಗೂ ಸೇರದ ಒಂದು ಕಚೇರಿ ಬೇಕು. ದಕ್ಷಿಣ ಆಫ್ರಿಕಾ ಭಾಗದ ದೇಶಗಳು 1995ರಲ್ಲಿ ಕಟ್ಟಿಕೊಂಡ ಒಕ್ಕೂಟದ ಸಮನ್ವಯ ಕೇಂದ್ರ ಜಿಂಬಾಬ್ವೆಯ ಹರಾರೆಯಲ್ಲಿದೆ. ಮೊದಲು ಇಬ್ಬಿಬ್ಬರ ನಡುವಿನ ವ್ಯಾಪಾರವೇ ಜಾಸ್ತಿ ಇತ್ತು. ನಾಳೆಯ ಕರೆಂಟನ್ನು ಇವತ್ತೇ ಗಂಟೆಗಂಟೆಗೆ ಹರಾಜು ಹಾಕುವ ಮಾರುಕಟ್ಟೆ ಬಂದಿದ್ದು 2009ರಲ್ಲಿ. ಈ ಕ್ರಮವೇ ಸರಿ. ಮೊದಲ ದಿನವೇ ಮಾರುಕಟ್ಟೆ ತೆರೆಯಲು ಹೊರಡುವುದು ಸುಮ್ನೆ ತಲೆನೋವು.

ರಾಜಕೀಯ

2023ರಲ್ಲಿ ನೈಜರ್‌ನಲ್ಲಿ ಸೇನೆ ಅಧಿಕಾರ ಹಿಡಿಯಿತು. ಅದನ್ನು ವಿರೋಧಿಸಿ ನೆರೆಯ ನೈಜೀರಿಯಾ ಕರೆಂಟ್ ನಿಲ್ಲಿಸಿತು. ನೈಜರ್ ತನ್ನ ವಿದ್ಯುತ್ತಿನ ಬಹುಪಾಲನ್ನು ತರಿಸುತ್ತಿದ್ದುದೇ ಅಲ್ಲಿಂದ. ಹೊರಗಿನಿಂದ ಕೊಳ್ಳಿ, ಆದರೆ ಆಸ್ಪತ್ರೆ, ನೀರಿನ ಪಂಪು ನಡೆಯುವಷ್ಟು ಕರೆಂಟ್ ದೇಶದೊಳಗೇ ಹುಟ್ಟುವಂತೆ ನೋಡಿಕೊಳ್ಳಿ.

ಲೈನಿನ ಕೆಳಗಿನ ಊರು

ಐವರಿ ಕೋಸ್ಟ್, ಲೈಬೀರಿಯಾ, ಸಿಯೆರಾ ಲಿಯೋನ್, ಗಿನಿ ಸೇರಿ ಎಳೆದ ಲೈನ್ ಸುಮಾರು 1,300 ಕಿ.ಮೀ. ಉದ್ದವಿದೆ, 225 ಕಿಲೋವೋಲ್ಟಿನದು. ಇಂಥ ಲೈನ್ ತಲೆಯ ಮೇಲೇ ಹಾದುಹೋದರೂ ಅದರಿಂದ ನೇರವಾಗಿ ಒಂದು ಬಲ್ಬ್ ಕೂಡ ಉರಿಸಲಾಗದು. ವೋಲ್ಟೇಜ್ ತಗ್ಗಿಸುವ ಸಬ್‌ಸ್ಟೇಷನ್ ಬೇಕು, ಅಲ್ಲಿಂದ ಸಣ್ಣ ಲೈನು, ಕೊನೆಗೆ ಊರಿನ ಟ್ರಾನ್ಸ್‌ಫಾರ್ಮರ್. ದೊಡ್ಡ ಲೈನಿಗೆ ಸಾಲ ಸಿಗುತ್ತದೆ, ರಿಬ್ಬನ್ ಕತ್ತರಿಸಲು ಮಂತ್ರಿಗಳೂ ಬರುತ್ತಾರೆ. ಸಣ್ಣ ಲೈನಿನ ದುಡ್ಡು ಮಾತ್ರ 'ಆಮೇಲೆ ನೋಡೋಣ' ಆಗಿಬಿಡುತ್ತದೆ. ಎರಡನ್ನೂ ಒಂದೇ ಸಾಲದ ಅರ್ಜಿಯಲ್ಲಿ ಸೇರಿಸಬೇಕು.

ಸಬ್‌ಸ್ಟೇಷನ್ ದೂರವಿರುವ ಊರುಗಳಿಗೆ ಘಾನಾ ಒಂದು ಉಪಾಯ ಮಾಡಿತು. ಟವರ್‌ನ ತುದಿಯಲ್ಲಿ ಸಿಡಿಲಿನ ರಕ್ಷಣೆಗೆಂದು ತಂತಿ ಇರುತ್ತದಲ್ವಾ? ಅದನ್ನು ಟವರ್‌ಗೆ ತಾಗದಂತೆ ಇನ್ಸುಲೇಟರ್ (ಕರೆಂಟ್ ಹರಿಯಬಿಡದ ಬಿಲ್ಲೆ) ಮೇಲೆ ಕೂರಿಸಿ, ಅದರಲ್ಲೇ ಮಧ್ಯಮ ವೋಲ್ಟೇಜಿನ ಕರೆಂಟ್ ಹರಿಸಿ ದಾರಿಯ ಊರುಗಳಿಗೆ ಇಳಿಸಿದರು. ಸಿಡಿಲಿನಿಂದ ಕಾಯುವ ಕೆಲಸವೂ ನಿಲ್ಲುವುದಿಲ್ಲ. ಹೀಗೆ ಮಾಡುವುದಾದರೆ ಟವರ್ ವಿನ್ಯಾಸ ಮಾಡುವ ಹೊತ್ತಿಗೇ ಎಂಜಿನಿಯರ್‌ಗಳಿಗೆ ಹೇಳಿಬಿಡಬೇಕು.