ಮನೆಯಲ್ಲೇ ಕಲ್ಡೆರೆಟಾ: ಎಮ್ಮೆ ಮಾಂಸ, ಟೊಮೆಟೊ, ಕಲೇಜಿ

ಫಿಲಿಪ್ಪೀನ್ಸ್‌ನಲ್ಲಿ ಮದುವೆ, ನಾಮಕರಣ, ಊರ ಹಬ್ಬ ಅಂದರೆ ದೊಡ್ಡ ಬೋಗೊಣಿಯಲ್ಲಿ ಕಲ್ಡೆರೆಟಾ ಕುದಿಯಲೇಬೇಕು. 1898ರವರೆಗೆ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಆಳಿದ ಸ್ಪೇನಿನವರಿಂದ ಬಂದ ಅಡುಗೆ ಇದು. ಹಳೇ ಪದ್ಧತಿಯಲ್ಲಿ ಆಡಿನ ಮಾಂಸ ಹಾಕುತ್ತಿದ್ದರು, ಈಗ ದನದ ಮಾಂಸವೂ ಅಷ್ಟೇ ರೂಢಿ. ಟೊಮೆಟೊ ರಸ ಮತ್ತು ಅರೆದ ಕಲೇಜಿ (ಲಿವರ್) ಇದರ ಜೀವಾಳ. ಗರಂ ಮಸಾಲೆ, ಧನಿಯಾ ಪುಡಿ, ಕೊಬ್ಬರಿ ಯಾವುದೂ ಇಲ್ಲ, ಹಾಕಲೂಬೇಡಿ. ಹಾಕಿದರೆ ಕಲೇಜಿಯ ರುಚಿ ಮುಚ್ಚಿಹೋಗಿ ನಮ್ಮ ‘ಸಾಲನ್’ (ಮಸಾಲೆಯ ಮಾಂಸದ ಸಾರು) ಅನ್ನೇ ಮತ್ತೊಮ್ಮೆ ಮಾಡಿದಂತಾಗುತ್ತದೆ.

ಮೊದಲು ಮಾಂಸದ ಮಾತು. ಕರ್ನಾಟಕದ 2020ರ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರ ಇದ್ದರಷ್ಟೇ ಕಡಿಯಬಹುದು. ಹಾಗಾಗಿ ಕಲಬುರಗಿ, ಬೀದರಿನ ಅಂಗಡಿಯಲ್ಲಿ ಸಿಗುವುದು ಮುದಿ ಎಮ್ಮೆಯ ಮಾಂಸ. ಬಣ್ಣ ಕಪ್ಪು ಕೆಂಪು, ಕೊಬ್ಬು ಕಡಿಮೆ, ನಾರು ಗಟ್ಟಿ. ಬೇರೆ ದೇಶದವರ ವಿಡಿಯೋದಲ್ಲಿ ಹೇಳುವ ಒಂದೂವರೆ ಗಂಟೆ ಇದಕ್ಕೆ ಸಾಲುವುದಿಲ್ಲ. ನಿಹಾರಿಗೆ ಒಯ್ಯುವ ಮೀನಖಂಡದ ಮಾಂಸವನ್ನೇ ಕೇಳಿ. ಅದರ ಬಿಳಿ ಪೊರೆ, ನರಗಳನ್ನು ತೆಗೆಸಬೇಡಿ. ನಿಧಾನವಾಗಿ ಬೆಂದಾಗ ಅವೇ ಕರಗಿ ರಸಕ್ಕೆ ಅಂಟು ಕೊಡುತ್ತವೆ. ಬಿರಿಯಾನಿಗೆ ಕೊಚ್ಚುವ ಹಾಗೆ ಸಣ್ಣಗೆ ಬೇಡ, 4–5 ಸೆಂಟಿಮೀಟರಿನ ತುಂಡು ಇರಲಿ. ಸಣ್ಣ ತುಂಡು ಮೆತ್ತಗಾಗುವಷ್ಟರಲ್ಲಿ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಎಮ್ಮೆ ಮಾಂಸ ತಿನ್ನದ ಮನೆಯವರು ಆಡಿನ ಮಟನ್‌ನಲ್ಲಿ ಮಾಡಿ, ಹಳೇ ಪದ್ಧತಿಗೆ ಅದೇ ಹತ್ತಿರ.

ಐದಾರು ಮಂದಿಗೆ: ಮಾಂಸ 1 ಕಿಲೊ, ಕಲೇಜಿ 150 ಗ್ರಾಂ, ಟೊಮೆಟೊ ಅರ್ಧ ಕಿಲೊ, ಉಳ್ಳಾಗಡ್ಡಿ ದೊಡ್ಡವು 2, ಬಳ್ಳೊಳ್ಳಿ 10 ಎಸಳು, ಆಲೂಗಡ್ಡೆ 3, ಗಜ್ಜರಿ 2, ಕೆಂಪು ಅಥವಾ ಹಸಿರು ದೊಣ್ಣೆ ಮೆಣಸಿನಕಾಯಿ 2, ಖಾರದ ಹಸಿ ಮೆಣಸಿನಕಾಯಿ 2, ವಿನೆಗರ್ 3 ದೊಡ್ಡ ಚಮಚ, ಸೋಯಾ ಸಾಸ್ 2 ದೊಡ್ಡ ಚಮಚ, ಕುಟ್ಟಿದ ಕರಿಮೆಣಸು 1 ಸಣ್ಣ ಚಮಚ, ಎಣ್ಣೆ. ಹಸಿರು ಆಲಿವ್ ಒಂದು ಹಿಡಿ, ತುರಿದ ಚೀಸ್ 40 ಗ್ರಾಂ ಸಿಕ್ಕರೆ ಒಳ್ಳೆಯದು. ಎಣ್ಣೆ ಕುಸುಬೆಯದ್ದಾದರೆ ನಡೆಯುತ್ತದೆ. ಗಾಣದ ಶೇಂಗಾ ಎಣ್ಣೆಯ ವಾಸನೆ ಮಾತ್ರ ಮೇಲೆದ್ದು ನಿಲ್ಲುತ್ತದೆ. ಫಿಲಿಪ್ಪೀನ್ಸ್‌ನವರು ಇದಕ್ಕೆ ಹಾಕುವ ಬೇ ಲೀಫ್ ಎಂಬ ಎಲೆ ನಮ್ಮ ತೇಜ್‌ಪತ್ತಾ ಅಲ್ಲ. ನಮ್ಮದಕ್ಕೆ ದಾಲ್ಚಿನ್ನಿಯ ಘಮ ಇರುವುದರಿಂದ ಅರ್ಧ ಎಲೆ ಸಾಕು, ಬಿಟ್ಟರೂ ನಷ್ಟವಿಲ್ಲ.

ಮಾಂಸಕ್ಕೆ ವಿನೆಗರ್, ಸೋಯಾ ಸಾಸ್, ಕರಿಮೆಣಸು, ಜಜ್ಜಿದ ಅರ್ಧದಷ್ಟು ಬಳ್ಳೊಳ್ಳಿ ಹಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ನಮ್ಮ ಬೇಸಿಗೆಯಲ್ಲಿ ಹೊರಗೆ ಬಿಡಲೇಬೇಡಿ. ರಾತ್ರಿಯಿಡೀ ನೆನೆಸಿದರೆ ಮೇಲ್ಮೈ ಹುಳಿಗೆ ಹಿಟ್ಟಿನಂತಾಗುತ್ತದೆ, ಒಳಗಿನ ನಾರಿಗೆ ಏನೂ ಆಗುವುದಿಲ್ಲ.

ನೆನೆಸುವಷ್ಟರಲ್ಲಿ ಆಲೂಗಡ್ಡೆ, ಗಜ್ಜರಿಯನ್ನು ದೊಡ್ಡದಾಗಿ ಹೆಚ್ಚಿ, ಅಂಚು ಕೆಂಪಗಾಗುವವರೆಗೆ ಹುರಿದು ತೆಗೆಯಿರಿ. ಹುಳಿ ರಸದಲ್ಲಿ ಹಸಿ ಆಲೂಗಡ್ಡೆ ಬೇಗ ಬೇಯುವುದಿಲ್ಲ, ಗಂಟೆ ಕುದಿದರೂ ನಡುವೆ ಗಟ್ಟಿ ಉಳಿಯಬಹುದು. ಹುರಿದದ್ದು ಆಕಾರವನ್ನೂ ಬಿಡುವುದಿಲ್ಲ. ಅದೇ ಎಣ್ಣೆಯಲ್ಲಿ ದೊಣ್ಣೆ ಮೆಣಸಿನಕಾಯಿ ಒಂದು ನಿಮಿಷ, ಕಲೇಜಿ ಎರಡೂ ಕಡೆ ಎರಡೆರಡು ನಿಮಿಷ ಹುರಿಯಿರಿ. ಕಲೇಜಿಯನ್ನು ಸ್ವಲ್ಪ ನೀರು ಹಾಕಿ ಮಿಕ್ಸರ್‌ನಲ್ಲಿ ನುಣ್ಣಗೆ ಅರೆದಿಡಿ.

ಇನ್ನು ಮಾಂಸವನ್ನು ನೆನೆಸಿದ ರಸದಿಂದ ತೆಗೆದು ಬಟ್ಟೆಯಿಂದ ಒರೆಸಿ. ಕಾದ ಎಣ್ಣೆಗೆ ನಾಲ್ಕು ಸಲವಾಗಿ, ಒಂದು ಸಲಕ್ಕೆ ಕಾಲು ಕಿಲೊ ಹಾಕಿ. ಒಮ್ಮೆಲೇ ಸುರಿದರೆ ನೀರು ಬಿಟ್ಟು, ಹುರಿಯುವ ಬದಲು ಬೇಯಲು ಶುರುವಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ತಳದಲ್ಲಿ ಅಂಟುವ ಕಂದು ಪದರ ಬೇಕೇ ಬೇಕು, ಕಪ್ಪಾಗಲು ಮಾತ್ರ ಬಿಡಬೇಡಿ.

ಹುರಿದ ಮಾಂಸ, ನೆನೆಸಿದ ರಸ, ಬೇಕೆಂದರೆ ಆ ಅರ್ಧ ಎಲೆ, ಮೂರು ಕಪ್ ನೀರು ಕುಕ್ಕರ್‌ಗೆ ಹಾಕಿ ಮುಚ್ಚಳವಿಲ್ಲದೆ ನಾಲ್ಕು ನಿಮಿಷ ಕುದಿಸಿ. ವಿನೆಗರಿನ ಮೂಗಿಗೆ ಹೊಡೆಯುವ ವಾಸನೆ ಹೋಗಲಿ. ನಂತರ ಮುಚ್ಚಿ, ಮೊದಲ ಸೀಟಿಯಾದ ಮೇಲೆ ಸಣ್ಣ ಉರಿಯಲ್ಲಿ 45 ನಿಮಿಷ ಬೇಯಿಸಿ. ಆಡಿನ ಮಟನ್‌ಗೆ 15–20 ನಿಮಿಷ ಸಾಕು. ಬೋಗೊಣಿಯಲ್ಲಾದರೆ ಎಮ್ಮೆ ಮಾಂಸಕ್ಕೆ ಮೂರು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಚಮಚದ ಅಂಚು ಒತ್ತಿದರೆ ತುಂಡಾಗಬೇಕು. ರಬ್ಬರಿನಂತೆ ಪುಟಿದರೆ ಕೆಟ್ಟಿಲ್ಲ, ಬೆಂದಿಲ್ಲ ಅಷ್ಟೇ. ಇನ್ನೊಂದು ಹತ್ತು ನಿಮಿಷ ಇಡಿ. ಟೊಮೆಟೊ ಈಗಲೇ ಕುಕ್ಕರ್‌ಗೆ ಹಾಕುವವರಿದ್ದಾರೆ. ಅದರ ಮಂದ ರಸ ತಳ ಹಿಡಿದು ಸೀದರೆ ಇಡೀ ಅಡುಗೆಗೆ ಆ ವಾಸನೆ ಹತ್ತುತ್ತದೆ.

ಹುರಿದ ಬಾಣಲೆಯಲ್ಲೇ ಉಳ್ಳಾಗಡ್ಡಿ ಬಾಡಿಸಿ, ಉಳಿದ ಬಳ್ಳೊಳ್ಳಿಯನ್ನು ಅರ್ಧ ನಿಮಿಷ ಹುರಿಯಿರಿ. ಬಳ್ಳೊಳ್ಳಿ ಕಪ್ಪಾದರೆ ಕಹಿ. ಬಿಸಿನೀರಲ್ಲಿ ಹಾಕಿ ಸಿಪ್ಪೆ ಸುಲಿದು ಅರೆದ ಟೊಮೆಟೊ ಸುರಿದು, ತಳದ ಕಂದು ಪದರ ಕೆರೆದು ಬಿಡಿಸುತ್ತಾ, ಎಣ್ಣೆ ಬಿಡುವವರೆಗೆ ಇಂಗಿಸಿ. ಟೊಮೆಟೊ ಬಹಳ ಹುಳಿ ಇದ್ದರೆ ಒಂದು ಸಣ್ಣ ಚಮಚ ಸಕ್ಕರೆ ಹಾಕಿ. ಇದನ್ನು ಹಸಿ ಮೆಣಸಿನಕಾಯಿ ಜೊತೆ ಮಾಂಸಕ್ಕೆ ಬೆರೆಸಿ, ಮುಚ್ಚದೆ 20 ನಿಮಿಷ ಸಣ್ಣಗೆ ಕುದಿಸಿ. ಕೊನೆಯ ಹತ್ತು ನಿಮಿಷಕ್ಕೆ ಆಲೂಗಡ್ಡೆ, ಗಜ್ಜರಿ ಸೇರಲಿ.

ಉರಿ ತೀರಾ ತಗ್ಗಿಸಿದ ಮೇಲೆ ಕಲೇಜಿ. ಒಂದು ಸೌಟು ಬಿಸಿ ರಸದಲ್ಲಿ ಕದಡಿ ಹಾಕಿದರೆ ಗಂಟಾಗುವುದಿಲ್ಲ. ಐದು ನಿಮಿಷದಲ್ಲಿ ರಸ ಹೊಳೆಯುತ್ತಾ ಸೌಟಿನ ಹಿಂಬದಿಗೆ ಅಂಟಿ ನಿಲ್ಲುತ್ತದೆ. ಜೋರಾಗಿ ಕುದಿಸಿದರೆ ರವೆ ರವೆಯಾಗಿ ಒಡೆದು ಕಹಿ ತಿರುಗುತ್ತದೆ. ದೊಣ್ಣೆ ಮೆಣಸಿನಕಾಯಿ, ಆಲಿವ್, ಚೀಸ್ ಹಾಕಿ ಇಳಿಸಿ. ಉಪ್ಪು ನೋಡುವುದು ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಸೋಯಾ, ಆಲಿವ್, ಚೀಸ್ ಮೂರರಲ್ಲೂ ಉಪ್ಪಿದೆ.

ಅಲ್ಲಿ ಬಿಳಿ ಅನ್ನದ ಜೊತೆ ತಿನ್ನುತ್ತಾರೆ. ಬಿಸಿ ಜೋಳದ ರೊಟ್ಟಿಗೂ ಚೆನ್ನಾಗಿ ಹೊಂದುತ್ತದೆ, ಆದರೆ ಆಗ ರಸ ಇನ್ನಷ್ಟು ಮಂದ ಇರಲಿ. ಮರುದಿನ ರುಚಿ ಏರುತ್ತದೆ. ಆರಿದ ಕೂಡಲೇ ಫ್ರಿಜ್‌ಗೆ ಸೇರಿಸಿ. ಬೆಳಿಗ್ಗೆ ಗಡ್ಡೆ ಕಟ್ಟಿದಂತಿದ್ದರೆ ಗಾಬರಿ ಬೇಡ, ಕರಗಿದ್ದ ನರಗಳ ಅಂಟು ಅದು. ಅರ್ಧ ಕಪ್ ಬಿಸಿನೀರು ಸೇರಿಸಿ, ಸಣ್ಣ ಉರಿಯಲ್ಲಿ ಒಳಗಿನವರೆಗೆ ಕಾಯಿಸಿ ಬಡಿಸಿ.