ಊರಿನ ಓಟ: ಪಟ್ಟಿ ಒಂದೇ ಇರಲಿ

ನವೆಂಬರ್ ಬಂತೆಂದರೆ ತಾಲ್ಲೂಕು ಕೇಂದ್ರಗಳಲ್ಲೂ ರಾಜ್ಯೋತ್ಸವದ ಓಟದ ಬ್ಯಾನರ್‌ಗಳು ಕಾಣಿಸುತ್ತವೆ. ಇಂಥ ಓಟ ನಡೆಸುವವರಲ್ಲಿ ಮೂವರ ಫೋನಿನಲ್ಲಿ ಮೂರು ಪಟ್ಟಿ ಇದ್ದರೆ ಗೊಂದಲ ಖಚಿತ. ಲೆಕ್ಕಕ್ಕೆ 10 ಕಿ.ಮೀ.ಗೆ 300, 5 ಕಿ.ಮೀ.ಗೆ 200 ಮಂದಿ ಎಂದಿಟ್ಟುಕೊಳ್ಳೋಣ.

ಹೆಸರು, ನಂಬರ್

ಎಲ್ಲರ ವಿವರವೂ ಒಂದೇ ಸ್ಪ್ರೆಡ್‌ಶೀಟಿನಲ್ಲಿರಲಿ. ನೋಡಲು ಹತ್ತು ಜನರಿಗೆ ಕೊಡಿ, ತಿದ್ದಲು ಇಬ್ಬರಿಗೆ ಮಾತ್ರ. ಹೆಸರು, ವಯಸ್ಸು, ಲಿಂಗ, ದೂರ, ಟೀಶರ್ಟ್ ಅಳತೆ, ರಕ್ತದ ಗುಂಪು, ಮನೆಯವರ ಫೋನ್, ಬಿಬ್ (ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿ) ಸಂಖ್ಯೆ: ಇಷ್ಟು ಕಾಲಂ ಸಾಕು. 10 ಕಿ.ಮೀ.ಗೆ 1001ರಿಂದ ಕೆಂಪು ಬಿಬ್, 5 ಕಿ.ಮೀ.ಗೆ 5001ರಿಂದ ನೀಲಿ ಬಿಬ್ ಕೊಟ್ಟರೆ ಯಾರು ಎಲ್ಲಿ ತಿರುಗಬೇಕೆಂಬುದು ದೂರದಿಂದಲೇ ತಿಳಿಯುತ್ತದೆ. ಬಿಬ್ಬಿಗೆ ನಾಲ್ಕರಂತೆ 2000 ಸೇಫ್ಟಿ ಪಿನ್ ಬೇಕು. ಅವನ್ನು ಹಿಂದಿನ ದಿನವೇ ಬಿಬ್ಬಿಗೆ ಚುಚ್ಚಿಡಿ. ಬೆಳಿಗ್ಗೆ ಕೌಂಟರಿನಲ್ಲಿ ಎಣಿಸುತ್ತ ಕೂತರೆ ಸಾಲು ಗೇಟಿನ ಆಚೆಗೆ ಹೋಗುತ್ತದೆ.

ನೋಂದಣಿಯನ್ನು 12 ದಿನ ಮೊದಲೇ ಮುಚ್ಚಿ. ಗಣ್ಯರ ಕಡೆಯಿಂದ ‘ಇನ್ನೊಂದು ಹತ್ತು ಹೆಸರು’ ಬಂದೇ ಬರುತ್ತವೆ. ಅದಕ್ಕೆಂದು 20 ಬಿಬ್ ಹೆಚ್ಚಿಗೆ ಮುದ್ರಿಸಿ, ಟೀಶರ್ಟ್ ಮಾತ್ರ ಇಲ್ಲವೆಂದುಬಿಡಿ.

ದಾರಿ

ಪೊಲೀಸ್ ಠಾಣೆಗೂ ಪುರಸಭೆಗೂ ತಿಂಗಳ ಮೊದಲೇ ಅರ್ಜಿ ಕೊಡಿ. ಪ್ರತಿ ವೃತ್ತದಲ್ಲಿ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಓಟಗಾರರು ಇರುತ್ತಾರೆಂದು ನಕ್ಷೆಯಲ್ಲೇ ಬರೆದು, ಸ್ವೀಕೃತಿ ಮೊಹರಿನ ಪ್ರತಿಯನ್ನು ಇಟ್ಟುಕೊಳ್ಳಿ.

ದೂರ ಅಳೆಯಲು ಫೋನಿನ ಆ್ಯಪ್ ನಂಬಬೇಡಿ. ಮರ, ಕಟ್ಟಡಗಳ ನಡುವೆ ಅದರ ಲೆಕ್ಕ ತಪ್ಪುತ್ತದೆ. ನೇರ ರಸ್ತೆಯಲ್ಲಿ ಟೇಪು ಹಿಡಿದು 400 ಮೀಟರ್ ಗುರುತಿಸಿ, ಅದರ ಮೇಲೆ ಸೈಕಲ್ ಓಡಿಸಿ ಚಕ್ರ ಎಷ್ಟು ಸುತ್ತು ಬರುತ್ತದೆಂದು ಲೆಕ್ಕ ಹಿಡಿಯಿರಿ. ಆಮೇಲೆ ಅದೇ ಸೈಕಲ್ಲಿನಲ್ಲಿ ದಾರಿ ಅಳೆಯಿರಿ. ತಿರುವುಗಳಲ್ಲಿ ಅಂಚಿನಿಂದ 30 ಸೆಂ.ಮೀ. ಬಿಟ್ಟು, ಓಟಗಾರರು ಹಿಡಿಯುವ ಅತಿ ಹತ್ತಿರದ ಗೆರೆಯಲ್ಲೇ ಸಾಗಬೇಕು. ಕಿಲೋಮೀಟರಿಗೆ ಒಂದು ಮೀಟರ್ ಸೇರಿಸಿದರೆ ದಾರಿ ಕಡಿಮೆ ಬೀಳುವ ಭಯವಿಲ್ಲ.

ನೀರು

10 ಕಿ.ಮೀ. ಓಟ ಹೋದ ದಾರಿಯಲ್ಲೇ ವಾಪಸ್ ಬರುವುದಾದರೆ 2.5 ಕಿ.ಮೀ. ಹತ್ತಿರದ ಮೇಜಿಗೆ ಕೆಂಪು ಬಿಬ್ಬಿನವರು ಎರಡು ಸಲ, ಅಲ್ಲೇ ತಿರುಗುವ ನೀಲಿಯವರು ಒಂದು ಸಲ ಬರುತ್ತಾರೆ. ಅಲ್ಲಿಗೆ 800 ಲೋಟ. ಲೋಟಕ್ಕೆ 150 ಮಿ.ಲೀ.ನಂತೆ 120 ಲೀಟರ್, ಅಂದರೆ 20 ಲೀಟರಿನ ಆರು ಕ್ಯಾನ್. ಎಂಟು ಇಡಿ. ಕೆಂಪು ಬಿಬ್ಬಿನವರು 5 ಕಿ.ಮೀ. ಓಡಿ ತಿರುಗುವಲ್ಲಿ ತಲಾ ಎರಡು ಲೋಟ ಹಿಡಿದು ಆರು ಕ್ಯಾನ್, ಮುಕ್ತಾಯದಲ್ಲಿ ಹತ್ತು.

ನೀರು ಖಾಲಿಯಾಗುವುದಕ್ಕಿಂತ ಹೆಚ್ಚು ಸಲ ಆಗುವ ಎಡವಟ್ಟು ಬೇರೆ: ಕ್ಯಾನ್ ಪಕ್ಕದಲ್ಲೇ ಇದ್ದರೂ ತುಂಬಿದ ಲೋಟ ಇರುವುದಿಲ್ಲ. ಗುಂಪು ಬರುವ ಮೊದಲೇ 150 ಲೋಟ ತುಂಬಿ, ನಡುವೆ ರಟ್ಟಿನ ಹಾಳೆ ಹಾಸಿ ಎರಡು ಅಂತಸ್ತಾಗಿ ಜೋಡಿಸಿ. ಮೇಜನ್ನು ತಿರುವಿನಲ್ಲೇ ಹಾಕದೆ ದಾಟಿದ ಮೇಲೆ ಹಾಕಿ. ಕಸದ ಚೀಲ ಅಲ್ಲಿಂದ 40 ಮೀಟರ್ ಮುಂದೆ ಇರಲಿ, ಲೋಟ ಎಸೆಯುವುದು ಅಲ್ಲೇ.

ತಿರುವು, ವೃತ್ತಗಳಲ್ಲಿ ಇಬ್ಬಿಬ್ಬರು ಸ್ವಯಂಸೇವಕರಿರಲಿ. 10 ಕಿ.ಮೀ. ಓಟದವರು ತಿರುಗುವಲ್ಲಿ ಒಬ್ಬರು ಪ್ರತಿಯೊಬ್ಬರ ಕೈಗೂ ಬಣ್ಣದ ರಬ್ಬರ್ ಬ್ಯಾಂಡ್ ಕೊಡಲಿ. ಬ್ಯಾಂಡ್ ಇಲ್ಲದೆ ಬಂದವರಿಗೆ ಬಹುಮಾನವಿಲ್ಲ. ಬೀದಿನಾಯಿ ಹೆಚ್ಚಿರುವ ಕಡೆ ಆ ಓಣಿಯವರನ್ನೇ ನಿಲ್ಲಿಸಿ, ನಾಯಿ ಅವರ ಮಾತು ಕೇಳುತ್ತದೆ. ಆಂಬುಲೆನ್ಸನ್ನು ಆಸ್ಪತ್ರೆಯೊಂದರಿಂದ ಮೊದಲೇ ಗೊತ್ತುಮಾಡಿ, 108 ಇದ್ದೇ ಇದೆಯಲ್ಲ ಎಂದು ಕೂರಬೇಡಿ.

ಮುಕ್ತಾಯದ ಗೆರೆ

ಓಟಗಾರರ ಸಮಯವನ್ನು ತಾನೇ ದಾಖಲಿಸುವ ಚಿಪ್‌ನ ಬಾಡಿಗೆಗೆ ದುಡ್ಡಿಲ್ಲದಿದ್ದರೆ ಕೈಯಲ್ಲೇ ಸಮಯ ಹಿಡಿಯಬಹುದು. ಗೆರೆಯ ಬಳಿ ಒಬ್ಬರು ಪ್ರತಿಯೊಬ್ಬರು ದಾಟಿದಾಗಲೂ ಸ್ಟಾಪ್‌ವಾಚ್‌ನಲ್ಲಿ ಆ ಕ್ಷಣದ ಸಮಯ ಉಳಿಸುವ ಲ್ಯಾಪ್ ಗುಂಡಿ ಒತ್ತುತ್ತಾರೆ. ಗೆರೆ ದಾಟಿದವರು ಹಗ್ಗ ಕಟ್ಟಿದ ಕಿರುದಾರಿಯಲ್ಲಿ ಬಂದ ಕ್ರಮದಲ್ಲೇ ಸಾಗುತ್ತಾರೆ. ಅದರ ಕೊನೆಯಲ್ಲಿ ಇನ್ನೊಬ್ಬರು ಬಿಬ್ ಸಂಖ್ಯೆ ಬರೆಯುತ್ತಾರೆ. ಎರಡು ಪಟ್ಟಿ ಸೇರಿದರೆ ಫಲಿತಾಂಶ.

ಇದರಲ್ಲೊಂದು ಅಪಾಯವಿದೆ. ಒಂದು ಸಲ ಗುಂಡಿ ಒತ್ತುವುದು ತಪ್ಪಿದರೆ ಅಲ್ಲಿಂದ ಮುಂದೆ ಎಲ್ಲರಿಗೂ ತಮ್ಮ ನಂತರ ಗೆರೆ ದಾಟಿದವರ ಸಮಯ ಬೀಳುತ್ತದೆ. ಅದಕ್ಕೇ ಪ್ರತಿ 25ನೆಯವರು ದಾಟಿದಾಗ ಮೂರನೆಯವರೊಬ್ಬರು ಅವರ ಬಿಬ್ ಸಂಖ್ಯೆ, ಸಮಯ ಎರಡನ್ನೂ ಪ್ರತ್ಯೇಕವಾಗಿ ಬರೆದಿಡಬೇಕು. ತಪ್ಪು ಆಗ ಆ 25ರೊಳಗೇ ಸಿಕ್ಕಿಬೀಳುತ್ತದೆ. ಗಡಿಯಾರವೂ ಕಾಣುವಂತೆ ಒಂದು ಫೋನಿನಲ್ಲಿ ವಿಡಿಯೊ ಓಡುತ್ತಿರಲಿ. ಫಲಿತಾಂಶ ಅಂಟಿಸಿ ಅರ್ಧ ಗಂಟೆ ತಕರಾರಿಗೆ ಬಿಡಿ, ಬಹುಮಾನ ಆಮೇಲೆ.

ಕೊನೆಯ ಓಟಗಾರರ ಹಿಂದೆ ಒಂದು ಬೈಕ್ ಬರಲಿ. ಅದು ದಾಟುವವರೆಗೆ ವೃತ್ತದಲ್ಲಿ ನಿಂತವರು ಕದಲಬಾರದು. ಬಳಿಕ, ಓಟ ಶುರುಮಾಡಿದವರ ಪಟ್ಟಿಯಲ್ಲಿ ಮುಗಿಸಿದವರನ್ನು ಹೊಡೆದುಹಾಕುತ್ತ ಬನ್ನಿ. ಯಾವುದಾದರೂ ಸಂಖ್ಯೆ ಉಳಿದರೆ ಮೊದಲು ಅವರಿಗೇ, ಎತ್ತದಿದ್ದರೆ ಮನೆಯವರಿಗೆ ಫೋನ್ ಮಾಡಿ. ಹೆಚ್ಚಿನ ಸಲ ಆಸಾಮಿ ಯಾರಿಗೂ ಹೇಳದೆ ಹೋಗಿ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿರುತ್ತಾರೆ. ಅಲ್ಲೂ ಇಲ್ಲವೆಂದರೆ ಆಂಬುಲೆನ್ಸನ್ನು ವಾಪಸ್ ಕಳಿಸದೆ, ಬೈಕನ್ನು ಅದೇ ದಾರಿಯಲ್ಲಿ ಇನ್ನೊಮ್ಮೆ ಓಡಿಸಿ.